ಮಲಗುವಾಗ ಏರೇಟರ್ ಆರಿಸಬೇಡಿ

"ಸಾರ್, ಹೊಂಡದ ಮೀನುಗಳು ರಾತ್ರಿ ಚೆನ್ನಾಗೇ ಇದ್ವು. ಬೆಳಿಗ್ಗೆ ನೋಡಿದ್ರೆ ಎಲ್ಲಾ ತೇಲ್ತಾ ಇವೆ. ಏನು ಔಷಧಿ ಹಾಕ್ಲಿ?" ಬೇಸಿಗೆ ಬಂತೆಂದರೆ ನನಗೆ ಇದೇ ಫೋನು. ಔಷಧಿ ಯಾವುದೂ ಬೇಡ. ಹೆಚ್ಚಿನ ಸಲ ಅವಕ್ಕೆ ರೋಗ ಬಂದಿರುವುದಿಲ್ಲ, ಉಸಿರು ಕಟ್ಟಿರುತ್ತದೆ.

ಹೋದ ಮೇ ತಿಂಗಳಲ್ಲಿ ತುಮಕೂರು ಕಡೆ ಒಬ್ಬ ಅಜ್ಜನ ಹಿತ್ತಲಿಗೆ ಹೋಗಿದ್ದೆ. ಹತ್ತು ಮೀಟರ್ ಉದ್ದ, ಅಷ್ಟೇ ಅಗಲದ ಹೊಂಡ. ಅಷ್ಟಕ್ಕೆ 50ರಿಂದ 100 ಮರಿ ಸಾಕು. ಅಜ್ಜ 400 ಬಿಟ್ಟಿದ್ದರು. "ಅರ್ಧ ಹೆಂಗೂ ಸಾಯ್ತವೆ ಅಂತ ಜಾಸ್ತಿ ಬಿಟ್ಟೆ ಕಣಪ್ಪ" ಅಂದರು. ಒಂದೂ ಸಾಯಲಿಲ್ಲ. ಕಾಲು ಕೆಜಿ ತೂಗುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಮುಕ್ಕಾಲು ಪಾಲು ಹೋದವು. ಸತ್ತ ಕಾಟ್ಲಾ ಮೀನೊಂದನ್ನು ಎತ್ತಿ ನೋಡಿದೆ. ಬಾಯಿ ತೆರೆದಿತ್ತು, ಕಿವಿರು ಅಗಲಿಸಿತ್ತು, ಮೈಮೇಲೆ ಒಂದು ಗಾಯ ಇಲ್ಲ. ಸಣ್ಣ ಮೀನುಗಳು ಇನ್ನೂ ಓಡಾಡುತ್ತಿದ್ದವು. ದೊಡ್ಡವು ಮೊದಲು ಸತ್ತರೆ ನಾನು ಆಮ್ಲಜನಕದ ಮೇಲೇ ಅನುಮಾನ ಪಡುತ್ತೇನೆ. ಸಣ್ಣದು ದೊಡ್ಡದು ಒಟ್ಟಿಗೇ ಸತ್ತಿದ್ದು, ಪಕ್ಕದ ತೋಟದಲ್ಲಿ ಔಷಧಿ ಹೊಡೆದಿದ್ದರೆ ಮಾತು ಬೇರೆ, ನೀರನ್ನು ಪರೀಕ್ಷೆ ಮಾಡಿಸಲೇಬೇಕು.

ದಡದಲ್ಲಿ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸುವ ಯಂತ್ರ, ಇತ್ತು! "ಹಗಲೆಲ್ಲಾ ಓಡಿಸ್ತೀನಿ. ರಾತ್ರಿ ಸದ್ದು, ನಿದ್ದೆ ಬರಲ್ಲ."

ಇದನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ. ಹಸಿರು ನೀರಿನ ಪಾಚಿ ಬಿಸಿಲಿದ್ದಾಗ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಮೀನಿನ ಹಾಗೆ ಆಮ್ಲಜನಕ ಎಳೆದುಕೊಳ್ಳುತ್ತದೆ. ತಳದಲ್ಲಿ ಕೊಳೆಯುವ ತಿಂಡಿಗೂ ಅದೇ ಬೇಕು. ಕೊಡುವವರು ಯಾರೂ ಇಲ್ಲ, ತಗೊಳ್ಳುವವರೇ ಎಲ್ಲ. ಸಂಜೆ ಲೀಟರಿಗೆ 10 ಮಿಲಿಗ್ರಾಂ ಇದ್ದದ್ದು ಸೂರ್ಯ ಹುಟ್ಟುವ ಮುಂಚೆ 2ಕ್ಕೆ ಇಳಿದಿರಬಹುದು. ಹಿಂದಿನ ದಿನ ಮೋಡ ಮುಚ್ಚಿದ್ದರೆ ಇನ್ನೂ ಕಷ್ಟ, ಹಗಲಿನ ಗಳಿಕೆಯೇ ಕಡಿಮೆ ಅಲ್ವಾ? ಏರೇಟರ್ ಒಂದೇ ಹೊತ್ತು ಓಡಿಸುವುದಾದರೆ ನಡುರಾತ್ರಿಯಿಂದ ಬಿಸಿಲು ಬರುವವರೆಗೆ ಓಡಿಸಿ.

ಏರೇಟರ್ ಇಲ್ಲದವರು ಹೊಂಡದ ನೀರನ್ನೇ ಪಂಪಿನಲ್ಲಿ ಎತ್ತಿ ಮೇಲಿಂದ ಬೀಳಿಸಿ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಹಸಿವು ಅಂದುಕೊಂಡು ತಿಂಡಿ ಹಾಕಬೇಡಿ, ಅವತ್ತು ಪೂರ್ತಿ ನಿಲ್ಲಿಸಿ. ಮೀನು ಬೆಳೆದ ಹಾಗೆ ದೊಡ್ಡವನ್ನು ಹಿಡಿದು ತಿನ್ನಿ, ಇಲ್ಲಾ ಮಾರಿ. ಉಳಿದವಕ್ಕೆ ಉಸಿರಾಡಲು ಜಾಗ ಆಗುತ್ತದೆ.

ಅಜ್ಜ ಈಗ ಮಂಚವನ್ನು ಮನೆಯ ಮುಂದಿನ ಕೋಣೆಗೆ ಹಾಕಿಸಿಕೊಂಡಿದ್ದಾರೆ. ಹಿತ್ತಲಲ್ಲಿ ರಾತ್ರಿಯಿಡೀ ಏರೇಟರ್ ಓಡುತ್ತದೆ.