ಬೀಗದ ಕಿಂಡಿಯಿಂದ ಶುರುವಾದ ವಾದ

‘ಅನ್ಯರೇ ನರಕ’ ಎಂಬ ಸಾಲು ಬಾಯಿಂದ ಬಾಯಿಗೆ ಹರಿದಾಡಿ ಸವೆದುಹೋಗಿದೆ. ಜನರ ಸಹವಾಸವೇ ಬೇಡ ಎನ್ನುವವರೂ ಅದನ್ನೇ ಹೇಳುತ್ತಾರೆ, ನಾಲ್ಕು ಜನ ಏನಂದಾರು ಎಂದು ಅಂಜುವವರೂ ಅದನ್ನೇ ಹೇಳುತ್ತಾರೆ. ಆ ಸಾಲಿನ ಹಿಂದಿದ್ದ ಅಸ್ತಿತ್ವವಾದಿಗಳ (ಮನುಷ್ಯ ತನ್ನ ಆಯ್ಕೆಗಳಿಂದಲೇ ತಾನಾಗುತ್ತಾನೆ ಎನ್ನುವವರ) ಪ್ರಶ್ನೆ ಬೇರೆಯೇ ಇತ್ತು: ಯಾರೂ ತಡೆಯದೆ, ಬೈಯದೆ, ಬರೀ ನೋಡಿದ ಮಾತ್ರಕ್ಕೆ ನನ್ನ ಸ್ವಾತಂತ್ರ್ಯಕ್ಕೆ ಹೇಗೆ ಮಿತಿ ಬೀಳುತ್ತದೆ?

ಇದರ ಬೇರು ಹಳೆಯದು. ತಾನು ಯಾರೆಂದು ಖಚಿತವಾಗಲು ಮನುಷ್ಯನಿಗೆ ಇನ್ನೊಬ್ಬನ ಮನ್ನಣೆ ಬೇಕು, ಅದಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟು ಸೆಣಸುತ್ತಾನೆ ಎಂದು ಜರ್ಮನ್ ತತ್ವಜ್ಞಾನಿ ಹೆಗೆಲ್ 1807ರಲ್ಲಿ ಬರೆದ. ‘ಸಾರ್ವಜನಿಕರು’ ಎಂಬ ಮುಖವಿಲ್ಲದ ಗುಂಪು ಎಲ್ಲರನ್ನೂ ಒಂದೇ ಮಟ್ಟಕ್ಕೆ ಇಳಿಸುತ್ತದೆ ಎಂದು ಡೆನ್ಮಾರ್ಕಿನ ಚಿಂತಕ ಕೀರ್ಕೆಗಾರ್ 1846ರಲ್ಲಿ ಎಚ್ಚರಿಸಿದ. ‘ಎಲ್ಲರೂ ಹೀಗೇ’ ಎಂಬ ಹೆಸರಿಲ್ಲದ ಅಪ್ಪಣೆಯಂತೆ ನಾವು ದಿನ ದೂಡುತ್ತೇವೆ ಎಂದು 1927ರಲ್ಲಿ ಜರ್ಮನಿಯ ತತ್ವಜ್ಞಾನಿ ಹೈಡೆಗ್ಗರ್ ಹೇಳಿದ.

ಗುಂಪನ್ನು ಬಿಟ್ಟು ಒಂದು ಜೊತೆ ಕಣ್ಣನ್ನು ಎದುರಿಗೆ ತಂದು ನಿಲ್ಲಿಸಿದವನು ಫ್ರೆಂಚ್ ತತ್ವಜ್ಞಾನಿ ಸಾರ್ತ್ರೆ. ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ 1943ರಲ್ಲಿ ಹೊರಬಂದ ಅವನ ‘ಇರವು ಮತ್ತು ಶೂನ್ಯತೆ’ 700ಕ್ಕೂ ಹೆಚ್ಚು ಪುಟಗಳ ಗ್ರಂಥ. ಅದರಲ್ಲಿ ಒಬ್ಬ ಬಾಗಿಲಿಗೆ ಮುಖವೊತ್ತಿ ಬೀಗದ ಕಿಂಡಿಯಲ್ಲಿ ಇಣುಕುತ್ತಿದ್ದಾನೆ. ಹೊಟ್ಟೆಕಿಚ್ಚೋ ಕುತೂಹಲವೋ, ಆ ಗಳಿಗೆಯಲ್ಲಿ ಅವನಿಗೆ ತನ್ನ ಅರಿವೇ ಇಲ್ಲ. ಇರುವುದು ಒಳಗಿನ ದೃಶ್ಯವೊಂದೇ. ಹಿಂದೆ ಹೆಜ್ಜೆ ಸಪ್ಪಳ ಕೇಳುತ್ತದೆ. ಥಟ್ಟನೆ ಅವನು ‘ಕದ್ದು ನೋಡುವವನು’ ಆಗಿಬಿಡುತ್ತಾನೆ. ನಾಚಿಕೆ ಮೈಯೆಲ್ಲ ಆವರಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಹೇಳುವವರು ಬಹಳ. ನನಗೆ ಮುಖ್ಯವೆನಿಸುವುದು ಮುಂದಿನ ಮಾತು. ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲದಿರಬಹುದು. ಹಾಗಂತ ಅವನು ಮೊದಲಿನ ನಿಶ್ಚಿಂತೆಯಲ್ಲಿ ಮತ್ತೆ ಕಿಂಡಿಗೆ ಕಣ್ಣಿಡಬಲ್ಲನೇ? ಇಣುಕುವುದನ್ನೇ ಬಿಟ್ಟುಬಿಡಬಹುದು, ಅಥವಾ ಎದೆ ಡವಗುಟ್ಟುತ್ತಲೇ ಸಣ್ಣ ಸದ್ದಿಗೂ ಕಿವಿಗೊಡಬಹುದು. ನೋಟಕ್ಕೆ ಕಣ್ಣೇ ಬೇಕಿಲ್ಲ. ಅಲುಗಿದ ಪರದೆ ಸಾಕು, ಕೊಂಬೆಯ ಸರಬರ ಸಾಕು.

ಸಾರ್ತ್ರೆಯ ಲೆಕ್ಕದಲ್ಲಿ ಬಂಡೆ, ಗೋಡೆ, ಕಷ್ಟ ಯಾವುದೂ ತಮ್ಮಷ್ಟಕ್ಕೇ ಸ್ವಾತಂತ್ರ್ಯಕ್ಕೆ ಮಿತಿಯಲ್ಲ. ಅವು ಅಡ್ಡಿಯೋ ಮೆಟ್ಟಿಲೋ ಎಂಬುದು ನಾನು ಹಿಡಿದ ಗುರಿಯಿಂದ ತೀರ್ಮಾನವಾಗುತ್ತದೆ. ಆದರೆ ನಿನ್ನ ಕಣ್ಣಿಗೆ ನಾನು ಯಾರಾಗಿ ಕಂಡೆ ಎಂಬುದನ್ನು ನಾನು ತೀರ್ಮಾನಿಸಲಾರೆ. ಹೇಡಿ, ಕಳ್ಳ, ಪೆದ್ದ ಎಂಬ ಅರ್ಥ ಹುಟ್ಟುವುದು ನಿನ್ನ ಸ್ವಾತಂತ್ರ್ಯದಲ್ಲಿ. ಅಲ್ಲಿಗೆ ನನ್ನ ಕೈ ಎಟಕುವುದಿಲ್ಲ, ಆದರೂ ಆ ‘ನಾನು’ ನನ್ನದೇ. ಅದಕ್ಕೇ ನಾಚಿಕೆ. ಸ್ವಾತಂತ್ರ್ಯಕ್ಕೆ ಮಿತಿ ಹಾಕಬಲ್ಲದ್ದು ಇನ್ನೊಂದು ಸ್ವಾತಂತ್ರ್ಯ ಮಾತ್ರ.

ಹಾಗಾದರೆ ತಿರುಗಿ ದಿಟ್ಟಿಸಿದರಾಯಿತಲ್ಲ? ಆಗ ನನ್ನನ್ನು ನೋಡುತ್ತಿದ್ದವನು ವಸ್ತು, ನಾನು ನೋಡುವವನು. ಮರುಗಳಿಗೆಗೆ ಮತ್ತೆ ಅದಲುಬದಲು. ಈ ಜಗ್ಗಾಟವನ್ನು 1945ರಲ್ಲಿ ಇನ್ನೊಬ್ಬ ಫ್ರೆಂಚ್ ತತ್ವಜ್ಞಾನಿ ಮೆರ್ಲೊ-ಪಾಂಟಿ ಒಪ್ಪಲಿಲ್ಲ. ಮಾತುಕತೆ ಸಾಧ್ಯವಿದ್ದೂ ಅದರಿಂದ ಹಿಂದೆ ಸರಿದಾಗ ಮಾತ್ರ ನೋಟ ಹಾಗೆ ಇರಿಯುತ್ತದೆ. ಮಾತುಕತೆಯ ಸಾಧ್ಯತೆಯೇ ಇಲ್ಲದ ನಾಯಿ ನೋಡಿದರೆ ನಮಗೆ ಮುಜುಗರವಾಗುವುದಿಲ್ಲವಲ್ಲ ಎಂದ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ತಿರುಗಿ ದಿಟ್ಟಿಸುವ ಬಲ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಗಂಡಸು ತಾನೇ ಅಳತೆಗೋಲಾಗಿ ನಿಂತು ಹೆಣ್ಣನ್ನು ‘ಅನ್ಯ’ಳನ್ನಾಗಿ ಕಾಣುವುದನ್ನು ಫ್ರೆಂಚ್ ಲೇಖಕಿ ಸಿಮೋನ್ ದ ಬೊವಾ 1949ರಲ್ಲಿ ಬಿಡಿಸಿಟ್ಟಳು. 1952ರಲ್ಲಿ ಮಾರ್ಟಿನಿಕ್ ದ್ವೀಪ ಮೂಲದ ಕಪ್ಪು ಮನೋವೈದ್ಯ ಫ್ರಾಂಟ್ಜ್ ಫ್ಯಾನನ್ ಬರೆದದ್ದನ್ನು ಓದುವಾಗ ಕರುಳು ಹಿಂಡುತ್ತದೆ. ಬಿಳಿಯ ಮಗುವೊಂದು ಅವನತ್ತ ಬೆರಳು ಮಾಡಿ, ಕರಿಯನನ್ನು ನೋಡಮ್ಮ, ಹೆದರಿಕೆಯಾಗುತ್ತಿದೆ ಎಂದು ತಾಯಿಯನ್ನು ತಬ್ಬುತ್ತದೆ. ಅವನು ಯಾವ ಕಿಂಡಿಯಲ್ಲೂ ಇಣುಕಿರಲಿಲ್ಲ. ಸುಮ್ಮನೆ ಇದ್ದದ್ದೇ ಸಾಕಾಯಿತು. ಆ ಮಗುವನ್ನು ತಿರುಗಿ ದುರುಗುಟ್ಟಿದರೆ ಅದರ ಹೆದರಿಕೆಗೇ ಸಾಕ್ಷಿ ಒದಗಿಸಿದಂತೆ, ಅಷ್ಟೆ. ಬೀಗದ ಕಿಂಡಿಯ ಉದಾಹರಣೆ ಈ ಅನುಭವಕ್ಕೆ ಸಾಲದು ಎಂದೇ ನನಗನ್ನಿಸುತ್ತದೆ.

‘ಅನ್ಯರೇ ನರಕ’ ಎಂಬ ಸಾಲು 1944ರಲ್ಲಿ ಮೊದಲು ರಂಗಕ್ಕೆ ಬಂದ ಸಾರ್ತ್ರೆಯ ನಾಟಕದ್ದು. ಜನ ಅದನ್ನು ತಪ್ಪಾಗಿ ತಿಳಿದರು, ಸಂಬಂಧ ಕೆಟ್ಟಾಗ ಮಾತ್ರ ಅನ್ಯರು ನರಕವಾಗುತ್ತಾರೆ ಎಂದು 1965ರಲ್ಲಿ ಅವನೇ ವಿವರಿಸಬೇಕಾಯಿತು. ನಾಟಕದಲ್ಲೇ ಅದರ ಸುಳಿವಿತ್ತು. ಸತ್ತ ಮೂವರು ನರಕದ ಕನ್ನಡಿಯಿಲ್ಲದ ಕೋಣೆಯಲ್ಲಿದ್ದಾರೆ. ಕೊನೆಯ ಹೊತ್ತಿಗೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಅವರಲ್ಲೊಬ್ಬನಾದ ಗಾರ್ಸಿನ್ ಹೊರಗೆ ಹೋಗುವುದಿಲ್ಲ. ತಾನು ಹೇಡಿಯಲ್ಲ ಎಂದು ಜೊತೆಯಲ್ಲಿರುವ ಇನೆಸ್ ಒಪ್ಪಬೇಕು, ಅದಕ್ಕಾಗಿ ಉಳಿಯುತ್ತಾನೆ.