ಮರೆಯಲ್ಲಿದ್ದ ಕಾಲು

ಕಾಂಪೌಂಡ್ ಗೋಡೆಯ ಆಚೆ ಪಕ್ಕದ ಮನೆಯವರು ನಿಂತಿರುತ್ತಾರೆ. ಎದೆಯಿಂದ ಮೇಲಷ್ಟೇ ಕಾಣುತ್ತದೆ. ಅವರಿಗೆ ಕಾಲಿದೆಯಾ ಅಂತ ನಾವು ಯೋಚಿಸುವುದೇ ಇಲ್ಲ, ಅಲ್ವಾ? ಮರೆಯಾದ ಭಾಗವನ್ನು ಮಿದುಳು ತಾನೇ ಜೋಡಿಸಿಕೊಳ್ಳುತ್ತದೆ. ಇದಕ್ಕೆ ವಿಜ್ಞಾನಿಗಳು ‘ಅಮೋಡಲ್ ಕಂಪ್ಲೀಷನ್’ ಎನ್ನುತ್ತಾರೆ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 12 ವರ್ಷ ಕ್ಯಾಮೆರಾಗಳ ಮುಂದೆ ನಿಂತದ್ದು ಇದೇ ಗುಣವನ್ನು ನೆಚ್ಚಿಕೊಂಡು.

1921ರಲ್ಲಿ, 39ನೇ ವಯಸ್ಸಿನಲ್ಲಿ, ಅವರ ಎರಡೂ ಕಾಲಿನ ಶಕ್ತಿ ಹೋಯಿತು. ಪೋಲಿಯೊ ಎಂದರು ವೈದ್ಯರು. ಅದೇನೂ ಗುಟ್ಟಲ್ಲ, ಪತ್ರಿಕೆಗಳಲ್ಲೇ ಬಂದಿತ್ತು. ಆದರೆ ಗಾಲಿಕುರ್ಚಿಯಲ್ಲಿ ಕೂತ ಅವರ ಫೋಟೊಗಳು ಬೆರಳೆಣಿಕೆಯಷ್ಟೇ. ಕಾರಿನಿಂದ ಎತ್ತಿ ಇಳಿಸುವಾಗ ಯಾರಾದರೂ ಕ್ಯಾಮೆರಾ ಹಿಡಿದರೆ ಅಂಗರಕ್ಷಕರು ಅಡ್ಡ ಬರುತ್ತಿದ್ದರು.

ನಾವು ಸುಮ್ನೆ ನಿಂತಿದ್ದೇವೆ ಅಂದುಕೊಂಡಾಗಲೂ ಮೈ ಸಣ್ಣಗೆ ತೂಗುತ್ತಲೇ ಇರುತ್ತದೆ. ಮೀನಖಂಡದ ಸ್ನಾಯುಗಳು ಬಿಗಿದು, ಸಡಿಲಾಗಿ, ಬೀಳದಂತೆ ಹಿಡಿಯುತ್ತವೆ. ರೂಸ್‌ವೆಲ್ಟ್‌ಗೆ ಆ ಸ್ನಾಯುಗಳ ನೆರವಿಲ್ಲ. ಎರಡೂ ಕಾಲಿಗೆ ಉಕ್ಕಿನ ಪಟ್ಟಿ ಕಟ್ಟಿ, ಮಂಡಿಯ ಹತ್ತಿರ ಚಿಲಕ ಹಾಕುತ್ತಿದ್ದರು. ಕಾಲು ಕಂಬದ ಹಾಗೆ ಸೆಟೆಯುತ್ತಿತ್ತು. ಆದರೆ ಎರಡೇ ಕಂಬದ ಮೇಲೆ ಮೈ ನಿಲ್ಲುವುದಿಲ್ಲ, ಮೂರನೇ ಆಸರೆ ಬೇಕು. ಅದೇ ಪೋಡಿಯಂ, ಅಂದರೆ ಭಾಷಣಕಾರರ ಮುಂದಿನ ಎತ್ತರದ ಮೇಜು. ಅಲುಗದಂತೆ ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಸುತ್ತಿದ್ದರು. ಕೈಗಳು ಅದನ್ನು ಹಿಡಿದಿದ್ದರೆ ಕೈಬೀಸಿ ಮಾತಾಡುವುದು ಹೇಗೆ? ಹಾಗಾಗಿ ತಲೆ ಕೊಡವಿ, ಗದ್ದ ಎತ್ತಿ ಮಾತಾಡಿದರು. ನೋಡಿದವರಿಗೆ ಅದೇ ಗತ್ತಾಗಿ ಕಂಡಿತು! ಪಟ್ಟಿಯ ಕೆಳತುದಿಗೆ ಕಪ್ಪು ಬಣ್ಣ ಬಳಿದಿತ್ತು, ಪ್ಯಾಂಟು ಕೊಂಚ ಉದ್ದ. ಬೂಟಿನ ಕಪ್ಪಿನಲ್ಲಿ ಉಕ್ಕು ಕಾಣದಾಗುತ್ತಿತ್ತು.

ನಡಿಗೆಯೂ ಹಾಗೇ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಮಗನ ತೋಳಿನ ಮೇಲೆ. ದೂರಕ್ಕೆ ಅಪ್ಪ-ಮಗ ಹರಟುತ್ತಾ ಬಂದಂತೆ ಕಾಣುತ್ತಿತ್ತು. ನಿಜಕ್ಕೂ ಸೊಂಟದಿಂದ ಒಂದೊಂದೇ ಕಾಲನ್ನು ಮುಂದಕ್ಕೆ ಎಸೆಯುತ್ತಿದ್ದರು. 1936ರ ಜೂನ್ 27ರಂದು ಫಿಲಡೆಲ್ಫಿಯಾದಲ್ಲಿ ಒಬ್ಬರ ಕೈಕುಲುಕಲು ಹೋದಾಗ ಚಿಲಕ ಬಿಟ್ಟುಕೊಂಡಿತು. ಬಿದ್ದರು, ಭಾಷಣದ ಹಾಳೆಗಳು ಚೆಲ್ಲಾಡಿದವು. ಸುತ್ತಲಿದ್ದವರು ಥಟ್ಟನೆ ಎತ್ತಿದರು, ಮೈ ಒರೆಸಿದರು. ಸ್ವಲ್ಪ ಹೊತ್ತಿಗೆ ಭಾಷಣ ಶುರುವಾಯಿತು.

ಇಷ್ಟೆಲ್ಲ ಒದ್ದಾಟ ಯಾಕೆ? ನೋಟಕ್ಕೆ ಅಷ್ಟು ಬೆಲೆ ಇದೆಯಾ? 2005ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ತಂಡ, ಪರಿಚಯವಿಲ್ಲದ ಅಭ್ಯರ್ಥಿಗಳ ಮುಖ ತೋರಿಸಿ ಯಾರು ಹೆಚ್ಚು ಸಮರ್ಥರು ಎಂದು ಜನರನ್ನು ಕೇಳಿತು. ಅವರು ಆರಿಸಿದವರೇ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಚುನಾವಣೆಗಳಲ್ಲಿ 100ಕ್ಕೆ ಸುಮಾರು 70 ಕಡೆ ಗೆದ್ದಿದ್ದರು. ಮುಖವೇ ಗೆಲ್ಲಿಸಿತು ಅಂತ ಇದರ ಅರ್ಥವಲ್ಲ. ಆದರೂ ರೂಸ್‌ವೆಲ್ಟ್ ಲೆಕ್ಕ ಸುಮ್ಮನೇ ಹಾಕಿದ್ದಲ್ಲ ಅನಿಸುತ್ತದೆ.

1945ರ ಮಾರ್ಚ್ 1ರಂದು ಅವರು ಅಮೆರಿಕದ ಸಂಸತ್ತಿನಲ್ಲಿ ಕೂತೇ ಮಾತಾಡಿದರು. ಕಾಲಿಗೆ 10 ಪೌಂಡ್ ಉಕ್ಕು ಹೊರುವುದು ಇದರಿಂದ ತಪ್ಪುತ್ತದೆ ಎಂದು ಬಾಯಿಬಿಟ್ಟು ಹೇಳಿದರು. ಮುಂದಿನ ತಿಂಗಳೇ ತೀರಿಕೊಂಡರು.

1997ರಲ್ಲಿ ವಾಷಿಂಗ್ಟನ್‌ನಲ್ಲಿ ಅವರ ಸ್ಮಾರಕ ತೆರೆಯಿತು. ಅಲ್ಲಿನ ಪ್ರತಿಮೆ ಕುರ್ಚಿಯಲ್ಲಿ ಕೂತಿದೆ, ಉದ್ದನೆಯ ನಿಲುವಂಗಿ ಹೊದ್ದು. ಕುರ್ಚಿಯ ಪುಟ್ಟ ಗಾಲಿ ನೋಡಬೇಕೆಂದರೆ ಹಿಂದಕ್ಕೆ ಹೋಗಬೇಕು. ಅಂಗವಿಕಲರ ಸಂಘಟನೆಗಳು ತಕರಾರು ತೆಗೆದವು. 2001ರಲ್ಲಿ ಬಾಗಿಲ ಬಳಿಯೇ ಇನ್ನೊಂದು ಪ್ರತಿಮೆ ಬಂತು. ಅದರಲ್ಲಿ ನಿಲುವಂಗಿ ಇಲ್ಲ, ಗಾಲಿಕುರ್ಚಿ ಎದುರಿಗೇ ಇದೆ.