ಸ್ಕ್ಯಾನರ್ ತೆಗೆದರೆ ಜಿಎಸ್‌ಟಿ ತಪ್ಪುತ್ತಾ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಸಣ್ಣ ಕಾಂಡಿಮೆಂಟ್ಸ್ ಅಂಗಡಿ. ಫೋನ್‌ಪೇ, ಗೂಗಲ್ ಪೇ ತಗೊಂಡ್ರೆ ಜಿಎಸ್‌ಟಿ ನೋಟಿಸ್ ಬರುತ್ತೆ, ಕ್ಯಾಶ್ ಆದ್ರೆ ತಲೆನೋವಿಲ್ಲ ಅಂತ ಅಕ್ಕಪಕ್ಕದ ಅಂಗಡಿಯವರು ಹೇಳ್ತಾರೆ. ಸ್ಕ್ಯಾನರ್ ತೆಗೆದುಬಿಡೋದೇ ಒಳ್ಳೇದಾ?

ಉತ್ತರ: ತೆಗೆಯಬೇಡಿ. ತೆಗೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅಷ್ಟೆ, ಜಿಎಸ್‌ಟಿ ಲೆಕ್ಕ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಯುಪಿಐ ಮೂಲಕ ದುಡ್ಡು ಬಂತು ಅನ್ನುವ ಕಾರಣಕ್ಕೆ ಯಾವ ಜಿಎಸ್‌ಟಿಯೂ ಇಲ್ಲ. ನೀವು ಮಾರುವ ಸಾಮಾನಿನ ಮೇಲೆ ಜಿಎಸ್‌ಟಿ ಇದೆ. ಗಿರಾಕಿ ನೋಟು ಕೊಟ್ಟರೂ ಅಷ್ಟೇ, ಮೊಬೈಲ್‌ನಿಂದ ಕಳಿಸಿದರೂ ಅಷ್ಟೇ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಸುಮ್ನೆ ಹುಟ್ಟಿದ್ದಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಅಂಗಡಿ, ಯಾರನ್ನೂ ಬಿಡಲಿಲ್ಲ. ಇಲಾಖೆ ಹಿಡಿದುಕೊಂಡ ಲೆಕ್ಕ 2021-22ರಿಂದ 2024-25ರವರೆಗೆ ಅವರ ಖಾತೆಗೆ ಯುಪಿಐನಲ್ಲಿ ಬಂದ ಹಣ. ಪಾವತಿ ಕಂಪನಿಗಳಿಂದಲೇ ಆ ಮಾಹಿತಿ ತರಿಸಿಕೊಂಡಿದ್ದರು. ಒಂದೇ ವಾರದಲ್ಲಿ ಬೆಂಗಳೂರಿನ ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಅನ್ನುವ ಚೀಟಿಗಳು ಅಂಟಿದವು. ಎಷ್ಟೋ ಕಡೆ ಸ್ಕ್ಯಾನರ್ ಕೌಂಟರ್ ಕೆಳಗೆ ಹೋಯಿತು. ನೋಟಿಸ್‌ನಲ್ಲಿ ಯುಪಿಐ ಅಂತ ಕಂಡಿದ್ದೇ ತಡ, ಯುಪಿಐಗೇ ಟ್ಯಾಕ್ಸ್ ಅಂತ ಜನ ಅರ್ಥ ಮಾಡಿಕೊಂಡರು. ಹಾಗೆ ಅಂದುಕೊಳ್ಳುವುದು ಸಹಜವೇ.

ನಿಯಮ ಇಷ್ಟು. ಸಾಮಾನು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ ಆ ಮಿತಿ 20 ಲಕ್ಷ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. 40 ಲಕ್ಷ ಅಂದರೆ ಲಾಭ ಅಲ್ಲ, ಒಟ್ಟು ವ್ಯಾಪಾರ. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೊಂದು ಸಾವಿರದ ಆಸುಪಾಸು. ಬೆಳಿಗ್ಗೆ ಐದೂವರೆಗೆ ಹಾಲಿನ ಕ್ರೇಟ್ ಇಳಿಸಿಕೊಂಡು ರಾತ್ರಿ ಹತ್ತಕ್ಕೆ ಶಟರ್ ಎಳೆಯುವ ಅಂಗಡಿಗೆ ಇದೇನು ದೊಡ್ಡ ಮೊತ್ತ ಅಲ್ಲ. ಹಾಲಿನ ಪ್ಯಾಕೆಟ್‌ನಲ್ಲಿ ಉಳಿಯುವುದು ಚಿಲ್ಲರೆ ಕಾಸು, ಸಿಗರೇಟಿನಲ್ಲೂ ಅಷ್ಟಕ್ಕಷ್ಟೆ. ಆದರೆ ವಹಿವಾಟಿನ ಲೆಕ್ಕಕ್ಕೆ ಪೂರ್ತಿ ಬೆಲೆ ಸೇರುತ್ತದೆ. ಹೀಗಾಗಿ ತಿಂಗಳ ಕೊನೆಗೆ ಅಂಗಡಿ ಬಾಡಿಗೆಗೂ ಪರದಾಡುವವರು ಕಾಗದದ ಮೇಲೆ 'ದೊಡ್ಡ ವ್ಯಾಪಾರಿ' ಆಗಿಬಿಡುತ್ತಾರೆ.

ಆ ಗಲಾಟೆಯಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯ ಕಥೆ. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟು ಆಗಿದೆ, 29 ಲಕ್ಷ ಜಿಎಸ್‌ಟಿ ಕಟ್ಟಿ ಅಂತ ಅವರಿಗೆ ನೋಟಿಸ್ ಹೋಗಿತ್ತು. ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೆದು ನೋಡಿ. 1.63 ಕೋಟಿಗೆ ಶೇ 18 ಹಾಕಿದರೆ 29 ಲಕ್ಷ ಚಿಲ್ಲರೆ ಬರುತ್ತದೆ. ಅಂದರೆ ಬಂದ ಅಷ್ಟೂ ದುಡ್ಡಿಗೆ ಶೇ 18 ಗುಣಿಸಿದ ಹಾಗಿದೆ ಲೆಕ್ಕ. ಈಗ ಅದೇ 1.63 ಕೋಟಿಯನ್ನು ನಾಲ್ಕರಿಂದ ಭಾಗಿಸಿ. ವರ್ಷಕ್ಕೆ 40.75 ಲಕ್ಷ. ಮಿತಿಗಿಂತ ಕೂದಲೆಳೆಯಷ್ಟು ಜಾಸ್ತಿ. ಇನ್ನೂ ಮುಖ್ಯ ಅಂದರೆ, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬರೀ ತೆರಿಗೆ ಇಲ್ಲದ ಸಾಮಾನು ಮಾರುವವರು ಎಷ್ಟೇ ಕೋಟಿ ವ್ಯಾಪಾರ ಮಾಡಲಿ, ನೋಂದಣಿಯೂ ಬೇಕಾಗಿಲ್ಲ. ಖಾತೆಗೆ ಬಂದ ದುಡ್ಡು ಕಂಪ್ಯೂಟರ್‌ಗೆ ಕಾಣುತ್ತದೆ, ಆ ದುಡ್ಡಿಗೆ ಬದನೆಕಾಯಿ ಕೊಟ್ಟರೋ ಬಿಸ್ಕೆಟ್ ಕೊಟ್ಟರೋ ಅನ್ನುವುದು ಕಾಣುವುದಿಲ್ಲ.

ಒಂದು ಎಚ್ಚರಿಕೆ. ತರಕಾರಿ ಅಂಗಡಿಯಲ್ಲೇ ನಾಲ್ಕು ಪ್ಯಾಕೆಟ್ ಅಗರಬತ್ತಿ, ಎರಡು ಥರ ಸೋಪು ಇಟ್ಟುಕೊಂಡಿದ್ದೀರಿ ಅನ್ನಿ. ಆಗ 'ಬರೀ ತೆರಿಗೆ ಇಲ್ಲದ ಸಾಮಾನು' ಅನ್ನುವ ರಿಯಾಯಿತಿ ಹೋಯಿತು. 40 ಲಕ್ಷದ ಮಿತಿ ನೋಡುವಾಗ ತರಕಾರಿ ದುಡ್ಡೂ ಸೇರುತ್ತದೆ. ತೆರಿಗೆ ಬೀಳುವುದು ಸೋಪು, ಅಗರಬತ್ತಿಗೆ ಮಾತ್ರ, ಆದರೆ ಎಲ್ಲಾ ಸೇರಿ ಮಿತಿ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ.

ಈಗ ನಿಮ್ಮ ಅಂಗಡಿಗೆ ಬರೋಣ. ದಿನಕ್ಕೆ 15,000 ರೂಪಾಯಿ ವ್ಯಾಪಾರ ಅಂತ ಇಟ್ಟುಕೊಳ್ಳಿ. ಅದರಲ್ಲಿ 4,000 ಹಾಲಿನದ್ದು. ಹಾಲಿಗೆ ತೆರಿಗೆ ಇಲ್ಲ. ಉಳಿದ 11,000 ಸಿಗರೇಟು, ಬಿಸ್ಕೆಟ್, ಚಿಪ್ಸ್, ತಂಪು ಪಾನೀಯ. ವರ್ಷಕ್ಕೆ ಒಟ್ಟು ವಹಿವಾಟು 54.75 ಲಕ್ಷ, ಮಿತಿ ದಾಟಿದ್ದೀರಿ. ನೋಂದಣಿ ಇಲ್ಲದೆ ಸಿಕ್ಕಿಬಿದ್ದು ಇಡೀ ಮೊತ್ತಕ್ಕೆ ಶೇ 18 ಹಾಕಿದರೆ ಒಂದು ವರ್ಷಕ್ಕೇ 9.85 ಲಕ್ಷ. ಅಂಗಡಿ ಮಾರಿದರೂ ಸಾಲದು.

ಅದೇ ನೀವು ಮೊದಲೇ ನೋಂದಣಿ ಮಾಡಿಸಿ ಕಾಂಪೊಸಿಷನ್ ಸ್ಕೀಮ್‌ಗೆ ಸೇರಿದ್ದರೆ? ವರ್ಷಕ್ಕೆ 1.5 ಕೋಟಿವರೆಗೆ ವಹಿವಾಟು ಇರುವ ವ್ಯಾಪಾರಿಗಳಿಗೆ ಈ ಸ್ಕೀಮ್ ಇದೆ. ತೆರಿಗೆ ಇರುವ ಸಾಮಾನಿನ ವ್ಯಾಪಾರಕ್ಕೆ ಶೇ 1 ಕಟ್ಟಿದರೆ ಮುಗಿಯಿತು. ನಿಮ್ಮ ಲೆಕ್ಕದಲ್ಲಿ ದಿನಕ್ಕೆ 110 ರೂಪಾಯಿ, ವರ್ಷಕ್ಕೆ ಸುಮಾರು 40,000. ಇದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ನಿಮ್ಮ ಕೈಯಿಂದಲೇ ಹೋಗಬೇಕು. ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿ ವಾಪಸ್ ಕೇಳುವಂತೆಯೂ ಇಲ್ಲ. 40,000 ಹಗುರ ಅಂತ ನಾನು ಹೇಳುವುದಿಲ್ಲ. ಆದರೆ 9.85 ಲಕ್ಷದ ಪಕ್ಕ ಇಟ್ಟು ನೋಡಿ. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಂದು ರಿಟರ್ನ್, ಕಾಗದದ ಕೆಲಸವೂ ಇಷ್ಟೇ. ನೋಂದಣಿಗೆ ಸರ್ಕಾರ ಶುಲ್ಕ ತಗೊಳ್ಳುವುದಿಲ್ಲ, ಆಡಿಟರ್ ಕೈಯಲ್ಲಿ ಮಾಡಿಸಿದರೆ ಅವರ ಫೀಸು ಮಾತ್ರ. ನೀವು ಟೀ, ಕಾಫಿ ಕಾಯಿಸಿ ಕೊಡುವವರಾದರೆ ಲೆಕ್ಕ ಬೇರೆ, ಅದು ಹೋಟೆಲ್ ಲೆಕ್ಕ, ಶೇ 5. ಎರಡೂ ಇದ್ದರೆ ಅದನ್ನು ಆಡಿಟರ್ ಹತ್ತಿರ ಕೂತೇ ಬಿಡಿಸಿಕೊಳ್ಳಿ.

ಹಾಗಂತ ವ್ಯಾಪಾರಿಗಳ ಸಿಟ್ಟು ತಪ್ಪು ಅಂತಲ್ಲ. ಕಾಂಪೊಸಿಷನ್ ಸ್ಕೀಮ್ ಹಿಂದಿನ ವರ್ಷಗಳಿಗೆ ಅನ್ವಯ ಆಗುವುದಿಲ್ಲ. ಮೊದಲೇ ಗೊತ್ತಿದ್ದವನಿಗೆ ಶೇ 1, ಗೊತ್ತಿಲ್ಲದವನಿಗೆ ಪೂರ್ತಿ ದರ, ಜೊತೆಗೆ ಬಡ್ಡಿ, ದಂಡ. ಗಿರಾಕಿಯಿಂದ ವಸೂಲಿಯೇ ಮಾಡದ ತೆರಿಗೆಯನ್ನು ನಾಲ್ಕು ವರ್ಷ ಆದಮೇಲೆ ಒಟ್ಟಿಗೆ ಕೇಳಿದರೆ ಎಲ್ಲಿಂದ ತರುತ್ತಾನೆ? ಮಿತಿ ದಾಟಿದ ಮೊದಲ ವರ್ಷವೇ 'ನಿಮ್ಮ ವಹಿವಾಟು ಹೀಗಿದೆ, ನೋಂದಣಿ ಮಾಡಿಸಿ' ಅಂತ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಕಳಿಸಿದ್ದರೆ ಅರ್ಧ ರಗಳೆ ಇರುತ್ತಿರಲಿಲ್ಲ. ಇನ್ನೊಂದು ಕಡೆ, ನೋಟಿಸ್ ಬಂದವರೆಲ್ಲ ಪಾಪದವರು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಮೂಲೆ ಸೈಟಿನಲ್ಲಿ ಭರ್ಜರಿ ವ್ಯಾಪಾರ ಮಾಡಿಕೊಂಡು, ಗೊತ್ತಿದ್ದೂ ಸುಮ್ಮನಿದ್ದವರೂ ಅದರಲ್ಲಿ ಇದ್ದೇ ಇರುತ್ತಾರೆ. ಎದುರಿನ ಅಂಗಡಿಯವನು ನಿಯತ್ತಾಗಿ ತೆರಿಗೆ ಕಟ್ಟುತ್ತಿದ್ದರೆ ಅವನ ಹೊಟ್ಟೆ ಉರಿಯುವುದಿಲ್ವಾ?

ರಾಜಕೀಯದವರು ಮಾಡಿದ್ದನ್ನು ಜಾಸ್ತಿ ಹೇಳಬೇಕಾಗಿಲ್ಲ. ಜಿಎಸ್‌ಟಿ ಕೇಂದ್ರದ್ದು ಅಂತ ಇವರು, ನೋಟಿಸ್ ಕೊಟ್ಟಿದ್ದು ರಾಜ್ಯದ ಇಲಾಖೆ ಅಂತ ಅವರು. ಎರಡೂ ನಿಜವೇ. ಮಿತಿ, ದರ ನಿಗದಿ ಮಾಡುವುದು ಕೇಂದ್ರ ಮತ್ತು ರಾಜ್ಯಗಳು ಕೂತಿರುವ ಜಿಎಸ್‌ಟಿ ಮಂಡಳಿ, ನೋಟಿಸ್ ಕೊಟ್ಟಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್‌ಗೆ ಕರೆ ಕೊಟ್ಟಿದ್ದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು ಅಂದರು. ಬಂದ್ ಕೈಬಿಟ್ಟರು. 'ಸಿಎಂ ಎಲ್ಲಾ ಮಾಫಿ ಮಾಡಿದ್ದಾರೆ' ಅಂತ ನಿಮ್ಮ ಅಕ್ಕಪಕ್ಕದವರು ಹೇಳಿದರೆ ಮಾತಿನ ಎರಡನೇ ಅರ್ಧವನ್ನೂ ನೆನಪಿಸಿ.

ಇನ್ನು ಕ್ಯಾಶ್ ವಿಚಾರ. ಕ್ಯಾಶ್ ಯಾರಿಗೂ ಕಾಣುವುದಿಲ್ಲ ಅನ್ನುವುದು ಅರ್ಧ ಸತ್ಯ. ಗಲ್ಲಾಪೆಟ್ಟಿಗೆಯಲ್ಲಿ ಇರುವವರೆಗೆ ಕಾಣುವುದಿಲ್ಲ. ಡಿಸ್ಟ್ರಿಬ್ಯೂಟರ್‌ಗೆ ಕೊಡಲು, ಲೋನ್ ಕಂತು ಕಟ್ಟಲು ಅದನ್ನು ಬ್ಯಾಂಕಿಗೆ ಹಾಕಲೇಬೇಕಲ್ಲ? ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ, ಕರೆಂಟ್ ಖಾತೆಗೆ 50 ಲಕ್ಷ ನಗದು ಮುಟ್ಟಿದರೆ ಬ್ಯಾಂಕೇ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ತಮಾಷೆ ಏನು ಗೊತ್ತಾ? ಸಣ್ಣ ವ್ಯಾಪಾರಿಗಳಿಗೆ ಇರುವ ಅಂದಾಜು ಆದಾಯದ ಪದ್ಧತಿಯಲ್ಲಿ ಡಿಜಿಟಲ್ ವಹಿವಾಟಿಗೆ ಶೇ 6 ಲಾಭ ತೋರಿಸಿದರೆ ಸಾಕು, ಕ್ಯಾಶ್‌ಗೆ ಶೇ 8 ತೋರಿಸಬೇಕು. ಅಂದರೆ ಸ್ಕ್ಯಾನರ್ ತೆಗೆದವರ ಆದಾಯ ಕಾಗದದ ಮೇಲೆ ಏರುತ್ತದೆ! ಜಿಎಸ್‌ಟಿ ತಪ್ಪಿಸಲು ಹೋಗಿ ಆದಾಯ ತೆರಿಗೆ ಕಡೆ ಲೆಕ್ಕ ಹೆಚ್ಚಿಸಿಕೊಂಡ ಹಾಗೆ.

ನಿಮಗೆ ನೋಟಿಸ್ ಬಂದಿದ್ದರೆ ಮಡಚಿ ದೇವರ ಫೋಟೋ ಹಿಂದೆ ಇಡಬೇಡಿ. ಅದರಲ್ಲಿ ಬರೆದ ಮೊತ್ತ ಕೊನೆಯ ಮಾತಲ್ಲ, ಉತ್ತರ ಕೊಡಿ ಅಂತ ಕೇಳಿರುತ್ತಾರೆ. ಉತ್ತರ ಕೊಡದಿದ್ದರೆ ಅಧಿಕಾರಿ ತನಗೆ ತಿಳಿದ ಹಾಗೆ ತೆರಿಗೆ ನಿಗದಿ ಮಾಡಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು, ಪೆನ್ನು ಹಿಡಿದು ಕೂತುಕೊಳ್ಳಿ. ಭಾವಮೈದುನ ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಮಗಳ ಕಾಲೇಜು ಫೀಸಿಗೆ ಅಣ್ಣ ಕಳಿಸಿದ್ದು, ಇವೆಲ್ಲ ವ್ಯಾಪಾರ ಅಲ್ಲ. ಎಲ್ಲವೂ ಒಂದೇ ಸ್ಕ್ಯಾನರ್‌ಗೆ ಬಂದಿದ್ದರೆ ವ್ಯಾಪಾರ ಅಂತಲೇ ಕಾಣುತ್ತದೆ. ಅವನ್ನು ಗುರುತು ಹಾಕಿ. ಹಾಲಿನ ಬಿಲ್ಲುಗಳನ್ನು ಬೇರೆ ಜೋಡಿಸಿ. ವ್ಯಾಪಾರ ಅಲ್ಲದ ದುಡ್ಡು ಕಳೆದರೇ ಎಷ್ಟೋ ಜನರ ವಹಿವಾಟು 40 ಲಕ್ಷದ ಕೆಳಗೆ ಇಳಿಯಬಹುದು, ಇಳಿಯದಿದ್ದರೂ ಹಾಲಿನ ಲೆಕ್ಕ ಬಿಟ್ಟು ತೆರಿಗೆ ಬೀಳುವ ಮೊತ್ತ ಕಮ್ಮಿ ಆಗುತ್ತದೆ. ಇವತ್ತೇ ಮಾಡಬಹುದಾದ ಕೆಲಸವೂ ಒಂದಿದೆ: ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ.

ಎರಡು ಸಾವಿರ ದಾಟಿದ ಯುಪಿಐಗೆ ಜಿಎಸ್‌ಟಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಏಳುವ ಸುದ್ದಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. 2025ರ ಏಪ್ರಿಲ್‌ನಲ್ಲೇ ಹಣಕಾಸು ಸಚಿವಾಲಯ ಅದು ಸುಳ್ಳು ಅಂತ ಹೇಳಿದೆ. ಆ ಗಾಳಿಸುದ್ದಿಗೆ ಬುಡವೇ ಇರಲಿಲ್ಲ. ಕಾರ್ಡ್ ಉಜ್ಜಿದಾಗ ಬ್ಯಾಂಕುಗಳು ಅಂಗಡಿಯವರಿಂದ ಮುರಿದುಕೊಳ್ಳುವ ಶುಲ್ಕಕ್ಕೆ ಜಿಎಸ್‌ಟಿ ಇದೆ. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಆ ಶುಲ್ಕವೇ ಇಲ್ಲ. ಶುಲ್ಕವೇ ಇಲ್ಲದ ಕಡೆ ತೆರಿಗೆ ಯಾವುದರ ಮೇಲೆ ಹಾಕುತ್ತಾರೆ? ಮುಂದೆಯೂ ಹೀಗೇ ಪುಕ್ಕಟೆ ಇರುತ್ತಾ ಅನ್ನುವುದು ಬೇರೆ ಪ್ರಶ್ನೆ. ಈ ವ್ಯವಸ್ಥೆ ನಡೆಸುವ ಖರ್ಚನ್ನು ಯಾರಾದರೂ ಭರಿಸಲೇಬೇಕು ಅಂತ ಆರ್‌ಬಿಐ ಗವರ್ನರ್ ಸಂಜಯ್ ಮಲ್ಹೋತ್ರಾ ಹೇಳಿದ್ದಾರೆ. ಸದ್ಯಕ್ಕೆ ಸರ್ಕಾರವೇ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಟ್ಟು ಸರಿದೂಗಿಸುತ್ತಿದೆ.

ಇದನ್ನು ಓದುವವರಲ್ಲಿ ಅಂಗಡಿಯವರಿಗಿಂತ ಗಿರಾಕಿಗಳೇ ಜಾಸ್ತಿ ಇರುತ್ತೀರಿ. 'ನಮಗೂ ಟ್ಯಾಕ್ಸ್ ಬಿದ್ದಿದೆ' ಅಂತ ಯಾರಾದರೂ ಬಿಲ್ಲಿನ ಮೇಲೆ ಜಿಎಸ್‌ಟಿ ಸೇರಿಸಿ ಕೇಳಿದರೆ, ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ನಂಬರ್ ಇಲ್ಲದವರು ಸೇರಿಸುವಂತಿಲ್ಲ. ನಂಬರ್ ಇದ್ದರೂ ಕಾಂಪೊಸಿಷನ್‌ನಲ್ಲಿ ಇರುವವರು ಸೇರಿಸುವಂತಿಲ್ಲ, ತಾವು ಆ ಸ್ಕೀಮ್‌ನಲ್ಲಿ ಇದ್ದೇವೆ ಅಂತ ಅವರು ಅಂಗಡಿಯಲ್ಲಿ ಬೋರ್ಡ್ ಹಾಕಿರಬೇಕು. ಇನ್ನು ಪ್ಯಾಕೆಟ್ ಮೇಲಿನ ಎಂಆರ್‌ಪಿಯಲ್ಲಿ ಎಲ್ಲಾ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಯಾರು ಕೇಳಿದರೂ ಕೊಡಬೇಡಿ.